ಹೆಸರಿಲ್ಲದ ಡಬ್ಬಗಳು: ಗುಬ್ಬಿಯ ಅಂಗಡಿಯಿಂದ ಪಂಪ್‌ಸೆಟ್ ಕಂಪನಿಗೊಂದು ಬಹಿರಂಗ ಪತ್ರ

ಕಂಪನಿಯ ಆಡಳಿತ ನಿರ್ದೇಶಕರಿಗೆ,

ನಮಸ್ಕಾರ.

ಗುಬ್ಬಿಯಲ್ಲಿ ನಿಮ್ಮ ಸಬ್‌ಮರ್ಸಿಬಲ್ ಪಂಪು ಮತ್ತು ಬಿಡಿಭಾಗ ಮಾರುವ ಅಂಗಡಿ ನನ್ನದು. ಹದಿನಾಲ್ಕು ವರ್ಷದಿಂದ ನಿಮ್ಮ ನೀಲಿ ಬೋರ್ಡು ನನ್ನ ಶಟರ್ ಮೇಲಿದೆ. ನೀಲಿ ಅನ್ನುವುದು ನೆನಪಿನ ಮಾತು. ಬೋರ್ಡು ಹಾಕಿಸಿದಾಗ ಕಣ್ಣು ಅಷ್ಟಿಷ್ಟು ಕಾಣುತ್ತಿತ್ತು. ಈಗ ಬೆಳಕಿದೆಯೋ ಕತ್ತಲೋ ಅನ್ನುವುದಷ್ಟೇ ಗೊತ್ತಾಗುತ್ತದೆ.

ನಿಮ್ಮ ಹೆಸರನ್ನು ಇಲ್ಲಿ ಬರೆದಿಲ್ಲ. ಒಂದು, ನಿಮ್ಮ ಅನ್ನ ನಾನೂ ಉಂಡಿದ್ದೇನೆ. ಇನ್ನೊಂದು, ಪೈಪು, ಕೇಬಲ್ಲು, ಡ್ರಿಪ್ಪು ಕೊಡುವ ಬೇರೆ ಕಂಪನಿಗಳ ವೆಬ್‌ಸೈಟ್‌ಗಳೂ ನಿಮ್ಮದರ ಅಣ್ಣತಮ್ಮಂದಿರೇ. ಹಾಗಾದರೆ ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೀಯ ಅಂತ ಕೇಳುತ್ತೀರಿ. ನಿಮಗೆ ಮೂರು ಈಮೇಲ್ ಹಾಕಿದೆ. ಮೂರಕ್ಕೂ ಮೊದಲು ಬಂದದ್ದು ಒಂದೇ ಉತ್ತರ: ನಿಮ್ಮ ದೂರು ದಾಖಲಾಗಿದೆ, ಅದರ ಸ್ಥಿತಿ ತಿಳಿಯಲು ಪೋರ್ಟಲ್‌ಗೆ ಲಾಗಿನ್ ಆಗಿ. ಮಾಲಿಗೆ ಆರ್ಡರ್ ಹಾಕುವ ನಿಮ್ಮ ವೆಬ್‌ಸೈಟಾದ ಆ ಪೋರ್ಟಲ್‌ಗೆ ಕಣ್ಣಿಲ್ಲದ ನನಗೆ ಲಾಗಿನ್ ಆಗಲು ಆಗುತ್ತಿಲ್ಲ ಅನ್ನುವುದೇ ನನ್ನ ದೂರಾಗಿತ್ತು.

ನನಗಿರುವುದು ರೆಟಿನೈಟಿಸ್ ಪಿಗ್ಮೆಂಟೋಸಾ. ಮೊದಲು ಇರುಳುಗಣ್ಣಾಗಿ ಶುರುವಾಗುತ್ತದೆ. ಹದಿನೆಂಟನೇ ವಯಸ್ಸಿಗೆ ಸಂಜೆ ಮೇಲೆ ಲೂನಾ ಓಡಿಸುವುದು ಬಿಟ್ಟೆ. ಆಮೇಲೆ ಸುತ್ತಲ ನೋಟ ಮುದುಡುತ್ತಾ ಬಂತು. ಬೋರ್‌ವೆಲ್ ವ್ಯಾಪಾರದವನಿಗೆ ಹೇಳಿ ಮಾಡಿಸಿದ ಕಾಯಿಲೆ ಅಂತ ನನ್ನನ್ನು ನಾನೇ ಗೇಲಿ ಮಾಡಿಕೊಳ್ಳುತ್ತೇನೆ. ಕೇಸಿಂಗ್ ಪೈಪಿನೊಳಗೆ ಇಣುಕಿದರೆ ತಳದಲ್ಲಿ ಒಂದು ರೂಪಾಯಿ ಬಿಲ್ಲೆಯಷ್ಟು ಹೊಳೆಯುತ್ತದಲ್ಲ, ಬಹಳ ವರ್ಷ ನನ್ನ ಲೋಕ ಅಷ್ಟಗಲವೇ ಇತ್ತು. ಐದು ವರ್ಷದ ಕೆಳಗೆ ಆ ಬಿಲ್ಲೆಯೂ ಮುಳುಗಿತು.

ಅಂಗಡಿ ಮಾತ್ರ ಮುಚ್ಚಲಿಲ್ಲ. ಯಾರಾದರೂ ಬಿಚ್ಚಿದ ಪಂಪು ತಂದು ಕೌಂಟರ್ ಮೇಲಿಟ್ಟರೆ ಮೊದಲು ನೀರು ತಳ್ಳುವ ಚಕ್ರವಾದ ಇಂಪೆಲ್ಲರ್ ಕೈಗೆ ತೆಗೆದುಕೊಳ್ಳುತ್ತೇನೆ. ಅಂಚಿಗೆ ಉಗುರು ಆಡಿಸಿದರೆ ಮರಳು ತಿಂದಿದೆಯೋ ಇಲ್ಲವೋ ತಿಳಿಯುತ್ತದೆ. ಬುಷ್‌ನೊಳಗೆ ಕಿರುಬೆರಳಿಟ್ಟು ತಿರುಗಿಸಿದರೆ ಎಷ್ಟು ಸವೆದಿದೆ ಅಂತ ಬೆರಳೇ ಹೇಳುತ್ತದೆ. ಸುಟ್ಟ ವೈಂಡಿಂಗಿನ ವಾಸನೆಯಂತೂ ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಬರುತ್ತದೆ. ಎಡಗೋಡೆಯ ಮೂರನೇ ಹಲಗೆಯ ನಾಲ್ಕನೇ ಡಬ್ಬ ವಿ-6 ಬುಷ್, ಅದರ ಪಕ್ಕದ್ದು ಥ್ರಸ್ಟ್ ಬೇರಿಂಗ್. ಪ್ರತಿ ಡಬ್ಬದ ಕೊರಳಿಗೂ ತಗಡಿನ ಬಿಲ್ಲೆ ಕಟ್ಟಿದ್ದೇನೆ. ಕಣ್ಣು ತಡವಾಗಿ ಹೋದದ್ದರಿಂದ ಬ್ರೈಲ್ ಕಲಿಯಲಿಲ್ಲ, ಮೊಳೆಯಲ್ಲಿ ಕುಟ್ಟಿದ ನನ್ನದೇ ಗುರುತುಗಳು ಅದರ ಮೇಲಿವೆ. ಅಂಗಡಿ ಹುಡುಗ ಡಬ್ಬ ಅದಲುಬದಲು ಮಾಡಿದ ದಿನ ಬಿಟ್ಟರೆ ನನಗೆ ಕಣ್ಣಿಲ್ಲ ಅನ್ನುವುದು ನೆನಪಾಗುವುದು ಕಡಿಮೆ. ಯುಪಿಐ ದುಡ್ಡು ಬಂದರೆ ಸೌಂಡ್‌ಬಾಕ್ಸ್ ಕೂಗಿ ಹೇಳುತ್ತದೆ. ಗಲಾಟೆಯ ಅಂಗಡಿಗಳಿಗೆ ಅಂತ ಮಾಡಿದ ಆ ಡಬ್ಬಿಯಿಂದ ಹೆಚ್ಚು ಸುಖಪಟ್ಟವನು ಇಡೀ ಬೀದಿಯಲ್ಲಿ ನಾನೇ ಇರಬೇಕು.

ಮಾಲು ತರಿಸುವುದೂ ಸಲೀಸಾಗಿತ್ತು. ನಿಮ್ಮ ತುಮಕೂರು ಡಿಪೋಗೆ ಫೋನು ಹಚ್ಚಿ "ಬರ್ಕೊಳಪ್ಪ" ಅಂದರೆ ಆ ಕಡೆ ಪೆನ್ನಿನ ಸದ್ದು. ಹತ್ತು ಎಚ್‌ಪಿ ಹದಿನೆಂಟು ಸ್ಟೇಜಿನ, ಅಂದರೆ ಹದಿನೆಂಟು ಇಂಪೆಲ್ಲರಿನ, ಪಂಪು ಒಂದು, ಸ್ಟಾರ್ಟರ್ ಎರಡು, ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ವಾಲ್ವು ಆರು. ಮಧ್ಯಾಹ್ನದೊಳಗೆ ಹೇಳಿದರೆ ಸಂಜೆಗೆ ಮಾಲು ಗುಬ್ಬಿಯಲ್ಲಿ. ಆಮೇಲೆ ನೀವು ಪೋರ್ಟಲ್ ಮಾಡಿದಿರಿ.

ಮಾಡಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ರಾತ್ರಿ ಹನ್ನೊಂದಕ್ಕೂ ಆರ್ಡರ್ ಹಾಕಬಹುದು, ಸ್ಟಾಕ್ ಎಷ್ಟಿದೆ ಅಂತ ಕೂತಲ್ಲೇ ತಿಳಿಯಬಹುದು ಅಂದಾಗ ನಾನೂ ಖುಷಿಪಟ್ಟವನೇ. ತುಮಕೂರಿನ ಹೋಟೆಲೊಂದರಲ್ಲಿ ಡೀಲರುಗಳ ಸಭೆ ಕರೆದು, ಹೋಳಿಗೆ ಊಟಕ್ಕೆ ಮುಂಚೆ ಗೋಡೆ ಮೇಲೆ ಪೋರ್ಟಲ್ ತೋರಿಸಿದಿರಿ. ನಿಮ್ಮ ಹುಡುಗ ಬಹಳ ಹುರುಪಿನಿಂದ "ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇಲ್ಲಿ, ಆಮೇಲೆ ಇಲ್ಲಿ" ಅನ್ನುತ್ತಿದ್ದ. ನಾನು ಕೈಯೆತ್ತಿ "ಇಲ್ಲಿ ಅಂದ್ರೆ ಎಲ್ಲಿ ಸಾರ್?" ಅಂದೆ. ಸಭೆ ಗೊಳ್ಳೆಂದಿತು. ಅವನೂ ನಕ್ಕು ಮುಂದಿನ ಸ್ಲೈಡಿಗೆ ಹೋದ. ಆ ಪ್ರಶ್ನೆಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ, ಅದಕ್ಕೇ ಈ ಪತ್ರ. ಅದಾಗಿ ಎರಡು ತಿಂಗಳಿಗೆ ಫೋನ್ ಆರ್ಡರ್ ನಿಲ್ಲಿಸಿದಿರಿ.

ಕಣ್ಣಿಲ್ಲದವನು ಕಂಪ್ಯೂಟರ್ ಹೇಗೆ ಬಳಸುತ್ತಾನೆ ಅಂತ ನಿಮ್ಮ ಐಟಿ ವಿಭಾಗದವರು ಫೋನಿನಲ್ಲಿ ಕೇಳಿದರು. ಕುಹಕವಿರಲಿಲ್ಲ, ನಿಜವಾಗಿಯೂ ಗೊತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ತಂತ್ರಾಂಶವಿದೆ. ಪರದೆಯ ಮೇಲಿರುವುದನ್ನು ಓದಿ ಹೇಳುವುದು ಅದರ ಕೆಲಸ. ಮೈಕಲ್ ಕರ್ರನ್ ಅನ್ನುವ ಆಸ್ಟ್ರೇಲಿಯಾದ ಅಂಧ ಯುವಕ 2006ರಲ್ಲಿ ಇದನ್ನು ಕಟ್ಟಲು ಶುರುಮಾಡಿದ. ಆಗ ಇಂಥ ತಂತ್ರಾಂಶಗಳ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. ಅವನ ಗೆಳೆಯ ಜೇಮ್ಸ್ ತೆ, ಅವನಿಗೂ ಕಣ್ಣಿಲ್ಲ, ಜೊತೆ ಸೇರಿದ. ಪುಕ್ಕಟೆ ಹಂಚಿದರು, ಇವತ್ತಿಗೂ ಪುಕ್ಕಟೆಯೇ. ಅದರ ಕನ್ನಡ ದನಿ ಶೀತವಾದ ಮೇಷ್ಟ್ರು ಮೂಗಿನಲ್ಲಿ ಪಾಠ ಓದಿದ ಹಾಗಿರುತ್ತದೆ, ಆದರೆ ಅರ್ಥವಾಗುತ್ತದೆ. ಮೊಬೈಲಿನಲ್ಲಿ ಆಂಡ್ರಾಯ್ಡ್ ಜೊತೆಗೇ ಬರುವ ಟಾಕ್‌ಬ್ಯಾಕ್ ಇದೆ.

ಇವು ಪುಟವನ್ನು ಚಿತ್ರದ ಹಾಗೆ ನೋಡುವುದಿಲ್ಲ. ಪುಟದ ಹಿಂದೆ ನಿಮ್ಮ ಹುಡುಗರು ಬರೆದಿರುವ ಕೋಡನ್ನು ಸಾಲಾಗಿ ಓದುತ್ತವೆ. ಅಲ್ಲಿ ಗುಂಡಿಗೆ ಹೆಸರಿಟ್ಟಿದ್ದರೆ "ಕಾರ್ಟ್‌ಗೆ ಸೇರಿಸಿ, ಬಟನ್" ಅನ್ನುತ್ತದೆ. ಇಡದಿದ್ದರೆ ಬರೀ "ಬಟನ್". ಪುಟ ದೊಡ್ಡದಿದ್ದರೆ ಎಚ್ ಕೀಲಿ ಒತ್ತಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ಹಾರುತ್ತೇನೆ, ಬಿ ಒತ್ತಿದರೆ ಬಟನ್, ಟಿ ಒತ್ತಿದರೆ ಟೇಬಲ್. ಕಣ್ಣಿರುವವರು ಪೇಪರಿನ ಮೇಲೆ ಕಣ್ಣಾಡಿಸುತ್ತಾರಲ್ಲ, ಅದೇ ಕೆಲಸ. ಅಕ್ಷರ ದಪ್ಪ ಮಾಡಿಟ್ಟ ಮಾತ್ರಕ್ಕೆ ತಲೆಬರಹವಾಗುವುದಿಲ್ಲ. ಇದು ತಲೆಬರಹ ಅಂತ ಕೋಡಿನಲ್ಲಿ ಹೇಳಿರಬೇಕು. ನಿಮ್ಮ ಪೋರ್ಟಲ್‌ನಲ್ಲಿ ಎಚ್ ಒತ್ತಿದರೆ "ಮುಂದೆ ಯಾವ ತಲೆಬರಹವೂ ಇಲ್ಲ" ಅನ್ನುತ್ತದೆ.

ಒಂದು ಆರ್ಡರಿನ ಕಥೆ ಹೇಳುತ್ತೇನೆ. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತು ನಮಗೆ ಸುಗ್ಗಿ, ರೈತರಿಗೆ ಸಂಕಟ. ಅಂತರ್ಜಲ ಇಳಿದು ಪಂಪು ಒಣಗಿ ಓಡುತ್ತದೆ, ಮೋಟರ್ ಸುಡುತ್ತದೆ. ನಿಟ್ಟೂರಿನ ಕಡೆಯ ಅಡಿಕೆ ತೋಟದವರೊಬ್ಬರು ಬೆಳಿಗ್ಗೆ ಎಂಟಕ್ಕೇ ಬಂದು ಬಾಗಿಲಲ್ಲಿ ಕೂತಿದ್ದರು. ಹದಿನೈದು ಸ್ಟೇಜಿನ ಪಂಪು ಬೇಕು, ಗಿಡ ಬಾಡುತ್ತಿದೆ ಅಂದರು.

ಲಾಗಿನ್ ಪುಟ ತೆರೆದೆ. ಮೊದಲ ಖಾನೆಗೆ ಹೋದರೆ "ಎಡಿಟ್" ಅಂದಿತು. ಎರಡನೆಯದಕ್ಕೂ "ಎಡಿಟ್". ಯಾವುದು ಡೀಲರ್ ಕೋಡು, ಯಾವುದು ಮೊಬೈಲ್ ನಂಬರ್ರು ಅಂತ ತಿಳಿಯದೆ ಊಹೆ ಮೇಲೆ ತುಂಬಿಸಿದೆ. ಮೂರನೆಯದು ಸೊಟ್ಟಂಬಟ್ಟ ಅಕ್ಷರಗಳ ಕ್ಯಾಪ್ಚಾ. ನೀವು ಮನುಷ್ಯರೇ ಅಂತ ಖಾತ್ರಿ ಮಾಡಿಕೊಳ್ಳುವ ಪರೀಕ್ಷೆ ಅದು. ಅದರಲ್ಲಿ ನಾನು ದಿನಾ ಫೇಲು. ಓದಿ ಹೇಳುವ ಗುಂಡಿಯೂ ಇಲ್ಲ. ಪಕ್ಕದ ಬೇಕರಿಯ ಹುಡುಗಿಯನ್ನು ಕರೆದು ಓದಿಸಿದೆ. ಆಮೇಲೆ ಓಟಿಪಿ, ಮೂವತ್ತು ಸೆಕೆಂಡಿನ ಗಡುವು. ಫೋನಿನಲ್ಲಿ ಮೆಸೇಜ್ ತೆರೆದು, ಅಂಕಿ ಕೇಳಿ, ಕಂಪ್ಯೂಟರಿನ ಖಾನೆಗೆ ವಾಪಸು ಬರುವಷ್ಟರಲ್ಲಿ ಗಡುವು ಮುಗಿದು ಕ್ಯಾಪ್ಚಾ ಮತ್ತೆ ಹೊಸದು. ಬೇಕರಿ ಹುಡುಗಿ ಎರಡನೇ ಸಲ ಬಂದಳು.

ಒಳಗೆ ಹೋದರೆ ಪಂಪುಗಳ ಸಾಲು. ಎಲ್ಲವೂ ಫೋಟೋ, ಒಂದಕ್ಕೂ ವಿವರಣೆಯಿಲ್ಲ. ವಿವರಣೆ ಇಲ್ಲದ ಫೋಟೋಕ್ಕೆ ಲಿಂಕ್ ಕೊಟ್ಟಿದ್ದರೆ ಎನ್‌ವಿಡಿಎ ಪಾಪ ಫೈಲಿನ ಹೆಸರನ್ನೇ ಓದುತ್ತದೆ: "ಐಎಂಜಿ ಅಂಡರ್‌ಸ್ಕೋರ್ ನಾಲ್ಕು ನಾಲ್ಕು ಏಳು ಒಂದು, ಲಿಂಕ್". ಹದಿನೈದು ಸ್ಟೇಜಿನ ಪಂಪಿಗೆ ಅದೇನು ನಾಮಕರಣವೋ. ಸ್ಟೇಜ್ ಆರಿಸುವ ಪಟ್ಟಿಯನ್ನು ಮೌಸ್ ಮುಟ್ಟಿದರೆ ಮಾತ್ರ ತೆರೆಯುವ ಹಾಗೆ ಮಾಡಿದ್ದೀರಿ. ಟ್ಯಾಬ್ ಕೀಲಿ ಅದನ್ನು ದಾಟಿಕೊಂಡು ಮುಂದಿನದಕ್ಕೆ ಹೋಗುತ್ತದೆ. ಮೌಸ್ ಇರುವುದು ಕಣ್ಣಿಂದ ಗುರಿ ಹಿಡಿಯುವವರಿಗೆ, ನನ್ನ ಕೆಲಸವೆಲ್ಲ ಕೀಬೋರ್ಡಿನಲ್ಲೇ. ಅಂಗಡಿ ಹುಡುಗನನ್ನು ಕೂರಿಸಿ ಒತ್ತಿಸಿದೆ. ಅವನು ಸೇರಿ ವಾರವಾಗಿತ್ತು. ಹದಿನೈದರ ಬದಲು ಹನ್ನೆರಡು ಒತ್ತಿದ. ಆರ್ಡರ್ ಖಾತ್ರಿಯಾದದ್ದು ಕೇಳಿಸಿತು, ಏನು ಖಾತ್ರಿಯಾಯಿತು ಅನ್ನುವುದು ಕೇಳಿಸಲಿಲ್ಲ. ಅದೂ ಚಿತ್ರವೇ.

ಸ್ಟೇಜ್ ಕಡಿಮೆಯಾದರೆ ಏನಾಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಒಂದೊಂದು ಇಂಪೆಲ್ಲರೂ ನೀರನ್ನು ತನ್ನ ಪಾಲಿನಷ್ಟು ಎತ್ತರಕ್ಕೆ ತಳ್ಳಿ ಮುಂದಿನದಕ್ಕೆ ಒಪ್ಪಿಸುತ್ತದೆ, ಮೂರು ಕಡಿಮೆಯಾದರೆ ಅಷ್ಟು ಎತ್ತರ ಕಡಿಮೆ. ಕಾಲಂ ಪೈಪು ಜೋಡಿಸಿ, ಕ್ರೇನ್ ಗಾಡಿ ಕರೆಸಿ, ಏಳುನೂರು ಅಡಿ ಇಳಿಸಿ ಸ್ವಿಚ್ ಹಾಕಿದರೆ ನೀರು ಅರ್ಧ ಇಂಚೂ ಬರಲಿಲ್ಲ. ಮತ್ತೆ ಎತ್ತಿ, ನೇಮ್‌ಪ್ಲೇಟು ನೋಡಿ, ಆ ರೈತರು ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪಾಪ, ಕಣ್ಣಿಲ್ಲ, ಏನ್ ಮಾಡ್ತಾರೆ" ಅಂದರಂತೆ. ಹದಿನಾಲ್ಕು ವರ್ಷದಲ್ಲಿ ಯಾರೂ ಆಡದ ಮಾತು ಅದು. ಎರಡು ಸಲದ ಕ್ರೇನಿನ ಬಾಡಿಗೆ ನಾನೇ ಕೊಟ್ಟೆ. ತೋಟಕ್ಕೆ ನೀರು ಬಿದ್ದದ್ದು ಐದನೇ ದಿನ.

ಹುಡುಗ ತಪ್ಪು ಒತ್ತಿದ, ಕಂಪನಿ ಏನು ಮಾಡೀತು ಅಂತ ನಿಮ್ಮ ಡಿಪೋದವರು ಅಂದರು. ಸರಿ. ನನ್ನ ಅಂಗಡಿಗೆ ಬಂದು ಡಬ್ಬದ ಬಿಲ್ಲೆಗಳನ್ನೆಲ್ಲ ಕಿತ್ತು ಹಾಕಿ, ನಾಳೆ ಹುಡುಗನ ಕೈಲಿ ತೆಗೆಸಿ ವ್ಯಾಪಾರ ಮಾಡು ಅಂದರೆ ಹೇಗೋ ಹಾಗಾಯಿತು ಇದು. ನೀವು ಮಾರುವ ಮಾಲಿಗೆಲ್ಲ ಹೆಸರಿದೆ, ಮಾಡೆಲ್ ನಂಬರಿದೆ, ನೇಮ್‌ಪ್ಲೇಟಿದೆ. ಆ ಹೆಸರನ್ನು ಪೋರ್ಟಲ್‌ನ ಡಬ್ಬಗಳ ಮೇಲೆ ಬರೆಯಿರಿ ಅಂತ ನಾನು ಕೇಳುತ್ತಿರುವುದು. ಫೋಟೋದ ಕೋಡಿನಲ್ಲಿ "ಹತ್ತು ಎಚ್‌ಪಿ, ಹದಿನೈದು ಸ್ಟೇಜ್, ವಿ-6 ಪಂಪು" ಅಂತ ನಾಲ್ಕಾರು ಪದ. ಖಾನೆಗೆ "ಡೀಲರ್ ಕೋಡ್" ಅಂತ ಒಂದು ಲೇಬಲ್. ಇದನ್ನು ನಿಮ್ಮ ಈಮೇಲಿನವರು "ವಿಶೇಷ ಸೌಲಭ್ಯ" ಅಂತ ಕರೆದು, ಮುಂದಿನ ಹಣಕಾಸು ವರ್ಷದಲ್ಲಿ ಪರಿಶೀಲಿಸುತ್ತೇವೆ ಅಂದರು.

ಇನ್ನು ನಿಮ್ಮ ಕನ್ನಡ ಪುಟದ ವಿಷಯ. ಕನ್ನಡದಲ್ಲಿ ಮಾಹಿತಿ ಕೊಟ್ಟಿದ್ದೀರಿ ಅಂತ ಕೇಳಿ ಆಸೆಯಿಂದ ತೆರೆದೆ. ವಾರಂಟಿ ನಿಯಮಗಳ ಪಿಡಿಎಫ್ ಅದು. ಕಣ್ಣಿದ್ದವರಿಗೆ ಅಚ್ಚುಕಟ್ಟು ಕನ್ನಡವಂತೆ. ನನಗೆ ಕೇಳಿಸಿದ್ದು: ಪಿ, ಎ, ಪೌಂಡ್, ಎ, ಆಮೇಲೆ ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಎ. ಕಂಪ್ಯೂಟರ್ ತಲೆಕೆಟ್ಟಿತು ಅಂದುಕೊಂಡೆ. ತುಮಕೂರಿನ ಡಿಟಿಪಿ ಗೆಳೆಯನೊಬ್ಬನಿಗೆ ಕೇಳಿಸಿದಾಗ ಅವನು ಬಿದ್ದು ಬಿದ್ದು ನಕ್ಕ. ಅದು "ಕನ್ನಡ" ಅನ್ನುವ ಪದವೇ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾರೆ. ಆ ಪದ್ಧತಿಯಲ್ಲಿ ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರ, ಚಿಹ್ನೆಗಳು. ಮೇಲಿನಿಂದ ಫಾಂಟು ಕನ್ನಡದ ವೇಷ ಹಾಕುತ್ತದೆ. ಕಣ್ಣಿಗೆ ವೇಷ ಸಾಕು, ಕಿವಿಗೆ ಒಳಗಿನದೇ ಬೀಳುತ್ತದೆ. ಯೂನಿಕೋಡ್‌ನಲ್ಲಿ ಬರೆದರೆ ಕ ಅಂದರೆ ಕ ಅಂತಲೇ ಉಳಿಯುತ್ತದೆ, ಎನ್‌ವಿಡಿಎ ಓದುತ್ತದೆ, ಗೂಗಲ್ಲಿನಲ್ಲಿ ಹುಡುಕಿದರೂ ಸಿಗುತ್ತದೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಬಂದು ವರ್ಷಗಳಾದವು. ಹಳೆಯ ಕಡತಗಳನ್ನು ಬದಲಿಸಿಕೊಡುವ ಪರಿವರ್ತಕಗಳೂ ಇವೆ. ಪ್ರೆಸ್ಸಿಗೆ ಹೋಗುವ ಕರಪತ್ರ ಹಳೆಯ ಫಾಂಟಿನಲ್ಲೇ ಇರಲಿ, ಅದು ಬೇರೆ ಮಾತು. ವೆಬ್‌ಸೈಟಿಗೆ ಅದನ್ನೇ ಎತ್ತಿ ಹಾಕಬೇಡಿ. ಪುಟದ ಕೋಡಿನಲ್ಲಿ ಇದು ಕನ್ನಡ ಪುಟ ಅಂತ ಭಾಷೆಯ ಗುರುತನ್ನೂ ಹಾಕಿಸಿ. ಇಲ್ಲದಿದ್ದರೆ ಇಂಗ್ಲಿಷ್ ದನಿಯೇ ಕನ್ನಡ ಓದಲು ಹೊರಟು ಪೇಚಾಡುತ್ತದೆ. ಪಂಪಿನ ಹೆಡ್ಡು (ನೀರೆತ್ತುವ ಎತ್ತರ), ಡಿಸ್ಚಾರ್ಜ್ (ಕೊಡುವ ನೀರು) ತೋರಿಸುವ ಚಾರ್ಟು ಸ್ಕ್ಯಾನ್ ಮಾಡಿದ ಹಾಳೆ. ಅದು ನನ್ನ ಪಾಲಿಗೆ ಖಾಲಿ ಕಾಗದ. ಅದನ್ನೇ ನಿಜವಾದ ಟೇಬಲ್ ಆಗಿ ಹಾಕಿದ್ದರೆ ಕಂಟ್ರೋಲ್, ಆಲ್ಟ್ ಒತ್ತಿ ಬಾಣದ ಕೀಲಿಯಲ್ಲಿ ಒಂದೊಂದೇ ಮನೆಗೆ ಹೋಗಿ, ಯಾವ ಸಾಲು ಯಾವ ಕಂಬ ಅಂತ ಕೇಳಿಕೊಂಡು, ಗಿರಾಕಿಗೆ ಕೂತಲ್ಲೇ ಹೇಳಿಬಿಡುತ್ತಿದ್ದೆ.

ಸ್ಟಾಕ್ ಇದ್ದರೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆಯಂತೆ. ನನ್ನನ್ನು ಬಿಡಿ. ಕೆಂಪು ಹಸಿರು ಗುರುತು ಸಿಗದ ದೋಷ ಹೆಂಗಸರಿಗಿಂತ ಗಂಡಸರಿಗೇ ಹೆಚ್ಚು, ಮತ್ತು ನಿಮ್ಮ ಡೀಲರ್ ಸಭೆಯಲ್ಲಿ ನಾನು ಕೇಳಿದ್ದೆಲ್ಲ ಗಂಡು ದನಿಗಳೇ. ಚುಕ್ಕೆಯ ಪಕ್ಕ "ಇದೆ", "ಇಲ್ಲ" ಅಂತ ಬರೆಯಲು ಜಾಗ ಇರಲಿಲ್ಲವೇ? ತಿಳಿ ಬೂದು ಹಿನ್ನೆಲೆ ಮೇಲೆ ಬೂದು ಅಕ್ಷರದಲ್ಲಿ ಬೆಲೆ ಹಾಕಿದ್ದೀರಿ ಅಂತ ಚೇಳೂರಿನ ಡೀಲರ್ ಒಬ್ಬರು ಗೊಣಗುತ್ತಿದ್ದರು, ಅವರಿಗೆ ಕಣ್ಣಿನ ಪೊರೆ ಶುರುವಾಗಿದೆ. ವೆಬ್ ಮಾನದಂಡದಲ್ಲಿ ಇದಕ್ಕೊಂದು ಲೆಕ್ಕವೇ ಇದೆ: ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರ. ಮೇವು ಕತ್ತರಿಸುವ ಯಂತ್ರಕ್ಕೆ ಎರಡು ಬೆರಳು ಕೊಟ್ಟ ಮೆಕ್ಯಾನಿಕ್ ಒಬ್ಬ ನನ್ನಲ್ಲಿಗೆ ಬರುತ್ತಾನೆ. ಮೊಬೈಲಿನಲ್ಲಿ ನಿಮ್ಮ ಸಣ್ಣ ಗುಂಡಿ ಒತ್ತಲು ಹೋದರೆ ಪಕ್ಕದ್ದು ಒತ್ತಿಹೋಗುತ್ತದೆ ಅಂತ ಅವನ ಸಿಟ್ಟು. ಅವನು ತನ್ನನ್ನು ಅಂಗವಿಕಲ ಅಂದುಕೊಂಡೇ ಇಲ್ಲ, ಪೋರ್ಟಲ್ ಸರಿಯಿಲ್ಲ ಅನ್ನುತ್ತಾನೆ. ಅವನು ಹೇಳುವುದೇ ಸರಿ.

ನನ್ನ ಎರಡನೇ ಈಮೇಲಿನ ನಂತರ ನೀವು ಏನೂ ಮಾಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಪುಟದ ಮೂಲೆಯಲ್ಲಿ ಗಾಲಿಕುರ್ಚಿಯ ಗುರುತಿನ ಗುಂಡಿಯೊಂದನ್ನು ತಂದು ಕೂರಿಸಿದಿರಿ. ತಿಂಗಳ ಬಾಡಿಗೆಗೆ ಸಿಗುವ ವಿಜೆಟ್ ಅದು, ಒಂದು ಸಾಲು ಕೋಡ್ ಅಂಟಿಸಿದರೆ ಸೈಟು ಎಲ್ಲರಿಗೂ ಸಲೀಸಾಗುತ್ತದೆ ಅಂತ ಮಾರುತ್ತಾರೆ. ಹುಡುಕಿ ಒತ್ತಿದೆ. ಅಕ್ಷರ ದೊಡ್ಡದು ಮಾಡಲೇ, ಬಣ್ಣ ತಿರುಗಿಸಲೇ ಅಂತ ಕೇಳಿತು. ಓದಿ ಹೇಳಲೇ ಅಂದದ್ದಕ್ಕೆ ಹೂಂ ಅಂದೆ. ಎನ್‌ವಿಡಿಎ ಜೊತೆಗೆ ಅದೂ ಮಾತಾಡತೊಡಗಿ, ಚನ್ನಬಸವೇಶ್ವರ ಸ್ವಾಮಿ ಜಾತ್ರೆಯಲ್ಲಿ ಎರಡು ಮಿಠಾಯಿ ಅಂಗಡಿಯ ಮೈಕುಗಳ ನಡುವೆ ನಿಂತ ಹಾಗಾಯಿತು. ಎರಡೂ ಸೇರಿ ಹೇಳಿದ್ದು ಅದೇ: ಬಟನ್, ಬಟನ್, ಐಎಂಜಿ ನಾಲ್ಕು ನಾಲ್ಕು ಏಳು ಒಂದು. ಹೆಸರೇ ಬರೆಯದ ಡಬ್ಬವನ್ನು ಎಷ್ಟು ದನಿಯಲ್ಲಿ ಓದಿಸಿದರೇನು? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಇಂಥ ವಿಜೆಟ್ ಮಾರುವ ಕಂಪನಿಯೊಂದರಿಂದ ಸುಳ್ಳು ಭರವಸೆಗಾಗಿ ಹತ್ತು ಲಕ್ಷ ಡಾಲರ್ ಕಕ್ಕಿಸಿತು. ನೀವು ಆ ವಿಜೆಟ್‌ಗೆ ಕೊಡುವ ಬಾಡಿಗೆ ದುಡ್ಡಲ್ಲಿ ಒಬ್ಬ ಹುಡುಗನನ್ನು ಕೂರಿಸಿ ಫೋಟೋಗಳಿಗೆ ಹೆಸರು ಬರೆಸಿದ್ದರೆ ಇಷ್ಟೊತ್ತಿಗೆ ಮುಗಿದಿರುತ್ತಿತ್ತು.

ಕಾನೂನಿನ ಮಾತು ಎತ್ತಬಾರದು ಅಂದುಕೊಂಡಿದ್ದೆ. ವ್ಯಾಪಾರದಲ್ಲಿ ಕಾನೂನು ಹೇಳಿದವನ ಜೊತೆ ಯಾರೂ ಕಾಫಿ ಕುಡಿಯುವುದಿಲ್ಲ. ಆದರೆ ಇದು ಸರ್ಕಾರಿ ವೆಬ್‌ಸೈಟುಗಳಿಗೆ ಮಾತ್ರ, ಖಾಸಗಿಯವರಿಗೆ ಅನ್ವಯಿಸುವುದಿಲ್ಲ ಅಂತ ನಿಮ್ಮ ಕಡೆಯವರು ಬರೆದದ್ದರಿಂದ ಹೇಳಲೇಬೇಕಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಸೆಕ್ಷನ್ ಸೇವೆ ಕೊಡುವವರು ಸರ್ಕಾರಿಯಾಗಲಿ ಖಾಸಗಿಯಾಗಲಿ ಸೇವೆ ಎಲ್ಲರಿಗೂ ಎಟುಕುವ ಹಾಗೆ ಮಾಡುವ ನಿಯಮ ಪಾಲಿಸಬೇಕು ಅನ್ನುತ್ತದೆ. 89ನೇ ಸೆಕ್ಷನ್ ಪ್ರಕಾರ ಮೊದಲ ಸಲ ಮೀರಿದರೆ ಹತ್ತು ಸಾವಿರದವರೆಗೆ ದಂಡ, ಮತ್ತೆ ಮೀರಿದರೆ ಐವತ್ತು ಸಾವಿರದಿಂದ ಐದು ಲಕ್ಷ. ಈ ಕಾಯ್ದೆಯಡಿ ಮಾಡಿದ ನಿಯಮಗಳು ಬರೀ ಸಲಹೆಯ ಹಾಗಿವೆ ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ 15(1)ನೇ ನಿಯಮವನ್ನು ತಳ್ಳಿಹಾಕಿ, ಕಡ್ಡಾಯದ ನಿಯಮ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಹತ್ತಿರದ್ದು. ಆಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟವರಿಗೆ ಆನ್‌ಲೈನ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ಅಂತ ಕೇಳಿದ ಪ್ರಕರಣವದು. ಪೂರ್ತಿ ಕಣ್ಣಿಲ್ಲದ ವಕೀಲರೊಬ್ಬರ ಅರ್ಜಿಯೂ ಅದರ ಜೊತೆಗಿತ್ತು. ಡಿಜಿಟಲ್ ಸೇವೆ ಕೈಗೆಟುಕುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ನ್ಯಾಯಾಲಯ ಹೇಳಿತು. ಬೋರ್‌ವೆಲ್ ಸ್ಪೇರ್ ಪಾರ್ಟ್ಸಿಗೆ 21ನೇ ವಿಧಿ ಎಳೆದು ತರುವುದು ನನಗೇ ಸ್ವಲ್ಪ ನಾಚಿಕೆ. ಆದರೆ ನನ್ನ ಬದುಕು ನಡೆಯುತ್ತಿರುವುದು ಅದರಿಂದಲೇ.

ಇನ್ನೊಂದು ವಿಷಯ ನಿಮಗೆ ಕಾನೂನಿಗಿಂತ ಬೇಗ ಮನಸ್ಸಿಗೆ ಹತ್ತಬಹುದು. ನಿಮ್ಮ ಪ್ರತಿ ಪಂಪಿನ ಮೇಲೂ ಐಎಸ್‌ಐ ಗುರುತು, ಅದರ ಜೊತೆ ಐಎಸ್ 8034 ಅಂತ ಅಚ್ಚೊತ್ತಿದ್ದೀರಿ. ಬೆರಳಿಗೆ ಸಿಗುತ್ತದೆ, ಎಷ್ಟೋ ಸಲ ಸವರಿ ನೋಡಿದ್ದೇನೆ. ಸಬ್‌ಮರ್ಸಿಬಲ್ ಪಂಪ್‌ಸೆಟ್ಟಿಗೆ ಭಾರತೀಯ ಮಾನಕ ಬ್ಯೂರೋ ಕೊಟ್ಟ ಮಾನಕ ಅದು. ಅದಿಲ್ಲದ ಮಾಲನ್ನು ಮಾರಲು ನೀವು ಒಪ್ಪುವುದಿಲ್ಲ, ಬಿಡಿ, ನಾನೂ ಒಪ್ಪುವುದಿಲ್ಲ. ಅದೇ ಬ್ಯೂರೋ ವೆಬ್‌ಸೈಟು, ಆಪುಗಳು ಎಲ್ಲರ ಬಳಕೆಗೂ ಒದಗಬೇಕು ಅಂತ ಐಎಸ್ 17802 ಅನ್ನುವ ಮಾನಕವನ್ನೂ ಕೊಟ್ಟಿದೆ. 2023ರಲ್ಲಿ ಅದನ್ನು ಕಾಯ್ದೆಯ ನಿಯಮಗಳಿಗೂ ಸೇರಿಸಿದರು. ಜಗತ್ತಿನ ಮಟ್ಟದಲ್ಲಿ ವೆಬ್‌ಸೈಟು ಎಲ್ಲರಿಗೂ ಎಟುಕಲಿ ಅಂತ ಡಬ್ಲ್ಯುಸಿಎಜಿ ಅನ್ನುವ ಮಾರ್ಗಸೂಚಿ 1999ರಿಂದ ಇದೆ, ಅದರ 2.2ನೇ ಆವೃತ್ತಿ ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದರ ಮೂರು ಮಟ್ಟಗಳಲ್ಲಿ ನಡುವಿನದಾದ ಡಬಲ್ ಎ ಮಟ್ಟಕ್ಕೆ ಮಾಡಿಕೊಡಿ ಅಂತ ನಿಮ್ಮ ವೆಬ್‌ಸೈಟ್ ಗುತ್ತಿಗೆದಾರರಿಗೆ ಒಪ್ಪಂದದಲ್ಲೇ ಬರೆದು ಕೇಳಿ. ಐಎಸ್ 8034 ಇಲ್ಲದ ಪಂಪನ್ನು ವಾಪಸು ಕಳಿಸುವ ಹಾಗೆ ಇದನ್ನೂ ವಾಪಸು ಕಳಿಸಿ.

ಎಲ್ಲಿಂದ ಶುರು ಮಾಡುವುದು ಅಂತ ಕೇಳಿದರೆ, ಸಭೆ ಕರೆಯುವ ಮೊದಲು ನಿಮ್ಮ ಟೇಬಲ್ಲಿನ ಕಂಪ್ಯೂಟರಿನ ಮೌಸನ್ನು ಕಿತ್ತು ಡ್ರಾಯರಿಗೆ ಹಾಕಿ. ಬರೀ ಕೀಬೋರ್ಡಿನಲ್ಲಿ ಒಂದು ಎನ್‌ಆರ್‌ವಿ ಆರ್ಡರ್ ಮಾಡಿ ನೋಡಿ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಪಟ್ಟಿ ತಯಾರು. ಆಮೇಲೆ ಎನ್‌ವಿಡಿಎ ಹಾಕಿಕೊಂಡು ಪರದೆ ಆರಿಸಿ. ಇದಕ್ಕೆ ಹತ್ತು ನಿಮಿಷ ಸಾಕು, ಅಷ್ಟೊತ್ತಿಗೆ ನೀವೇ ಬೈಯಲು ಶುರು ಮಾಡಿರುತ್ತೀರಿ. ಉಳಿದರ್ಧ ಪಟ್ಟಿಗೆ ನನ್ನನ್ನು ಕರೆಯಿರಿ. ತುಮಕೂರಿಗೆ ಬರುವ ಬಸ್ಸಿನ ಚಾರ್ಜು ನನಗೆ ಬೇಡ, ಆದರೆ ಪರೀಕ್ಷೆ ಮಾಡಿದ ಹೊತ್ತಿಗೆ ಕೂಲಿ ಬೇಕು. ವೈಂಡಿಂಗ್ ಮೆಕ್ಯಾನಿಕ್‌ಗೆ ಕೊಡುವ ಹಾಗೆ. ಕ್ಯಾಪ್ಚಾ ತೆಗೆಯಿರಿ, ನಿಮ್ಮ ಡೀಲರುಗಳ ಫೋನ್ ನಂಬರೆಲ್ಲ ನಿಮ್ಮಲ್ಲೇ ಇದೆ, ಓಟಿಪಿಯೂ ಇದೆ, ಅದರ ಮೇಲೆ ಈ ಸೊಟ್ಟ ಅಕ್ಷರದ ಪರೀಕ್ಷೆ ಯಾರಿಗಾಗಿ? ಓಟಿಪಿಯ ಗಡುವು ಹತ್ತು ನಿಮಿಷ ಮಾಡಿ. ಪೂರ್ತಿ ಸರಿಯಾಗುವವರೆಗೆ ಡಿಪೋದ ಫೋನನ್ನು ಮತ್ತೆ ಎತ್ತಿಸಿ. ನನ್ನಂಥವನಿಗಷ್ಟೇ ಅಲ್ಲ, ಫೋನು ನಿಂತ ಮೇಲೆ ಎರಡು ಹೋಬಳಿಯ ಡೀಲರುಗಳು ಬೇರೆ ಕಂಪನಿಯ ಮಾಲು ಇಟ್ಟಿದ್ದಾರೆ. ಅವರಿಗೆ ಕಣ್ಣು ಚೆನ್ನಾಗಿಯೇ ಇದೆ.

ನನಗೂ ಆ ಕಂಪನಿಯವರ ಫೋನು ಬಂದಿತ್ತು. ಯೋಚನೆ ಮಾಡಿ ಹೇಳುತ್ತೇನೆ ಅಂದಿದ್ದೇನೆ.

ಈ ಪತ್ರ ಮುಗಿಸುವ ಹೊತ್ತಿಗೆ ಪೋರ್ಟಲ್‌ನಲ್ಲಿ ಇವತ್ತಿನ ಆರ್ಡರ್ ಹಾಕಲು ನಾಲ್ಕು ಸಲ ನೋಡಿದೆ. ಬೇಕರಿ ಹುಡುಗಿ ಊರಿಗೆ ಹೋಗಿದ್ದಾಳೆ. ಆದ್ದರಿಂದ ಇಲ್ಲೇ ಬರೆಯುತ್ತಿದ್ದೇನೆ, ದಯವಿಟ್ಟು ಯಾರಾದರೂ ಡಿಪೋದವರಿಗೆ ಓದಿ ಹೇಳಿ: ಗುಬ್ಬಿ ಅಂಗಡಿಗೆ ಹತ್ತು ಎಚ್‌ಪಿ ಪಂಪು ಒಂದು, ಹದಿನೈದು ಸ್ಟೇಜು, ಹನ್ನೆರಡಲ್ಲ. ವಿ-6 ಬುಷ್ ಎರಡು ಡಜನ್. ಥ್ರಸ್ಟ್ ಬೇರಿಂಗ್ ನಾಲ್ಕು. ಎರಡೂವರೆ ಇಂಚಿನ ಎನ್‌ಆರ್‌ವಿ ಆರು. ಸಂಜೆಯ ಗಾಡಿಗೆ ಹಾಕಿದರೆ ಅಂಗಡಿ ತೆರೆದೇ ಇರುತ್ತದೆ.

ಇತಿ,
ಗುಬ್ಬಿಯ ನಿಮ್ಮ ಡೀಲರ್